ಓದುಗರ ಸ್ಪಂದನ: ಊಟದಲ್ಲಿ ಪುಡಿ ಬೆರೆಸಲೇ?

ಗಂಡ ಎರಡು ಸಲ ಶಿಬಿರಕ್ಕೆ ಹೋಗಿ ಬಂದರು, ದೇವರ ಮುಂದೆ ಆಣೆಯನ್ನೂ ಮಾಡಿದರು. ಆದರೂ ಕುಡಿತ ಬಿಟ್ಟಿಲ್ಲ. 'ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ತರಿಸಿದ್ದೇನೆ, ಹಾಕಲೇ?' ಎಂದು ಹಾಸನ ಜಿಲ್ಲೆಯ ಓದುಗರೊಬ್ಬರು ಕೇಳಿದ್ದರು. ಮೊದಲು ಈ ಉದ್ದದ ಪತ್ರ. ಕತ್ತರಿಸಲು ಮನಸ್ಸು ಬರಲಿಲ್ಲ.

ತಂಗಿ, ಆ ಪುಡಿಯನ್ನು ಬಚ್ಚಲಿಗೆ ಸುರಿದುಬಿಡು. ಅದರಲ್ಲಿ ಏನಿದೆಯೋ ನಿನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಅಣ್ಣನಿಗೂ ಹೀಗೇ ಮಾಡಿದ್ದರು. ಅತ್ತಿಗೆಯ ತವರಿನವರು ಯಾರದೋ ಮಾತು ಕೇಳಿ ಮಾತ್ರೆ ಅರೆದು ಹುಳಿಯಲ್ಲಿ ಬೆರೆಸುತ್ತಿದ್ದರು. ಒಂದು ಮದುವೆ ಮನೆಯಲ್ಲಿ ಎಣ್ಣೆ ಹಾಕಿದ. ಮುಖ ಕೆಂಡದಂತಾಯಿತು. ಎದೆ ಡವಡವ, ವಾಂತಿ, ಬಿಪಿ ಇಳಿದು ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು 'ಏನು ಕೊಟ್ರಿ?' ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ಅದು ಡೈಸಲ್ಫಿರಾಮ್. ಮೈಗೆ ಹೋದ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಕರಗದಂತೆ ತಡೆಯುತ್ತದಂತೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಇರುತ್ತದೆ. ತಿಳಿದು, ಒಪ್ಪಿ, ಡಾಕ್ಟರು ಹೇಳಿದಂತೆ ತೆಗೆದುಕೊಳ್ಳುವವರಿಗೆ ಅದು ಔಷಧಿಯೇ. ಅಣ್ಣನನ್ನು ಯಾರೂ ಕೇಳಿರಲಿಲ್ಲ.

ಅವನು ಉಳಿದ. ಕುಡಿತ ಬಿಡಲಿಲ್ಲ, ಮನೆ ಊಟ ಬಿಟ್ಟ. ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಪಾರ್ಸಲ್ ತಂದು ಜಗಲಿಯಲ್ಲಿ ಕೂತು ತಿನ್ನುತ್ತಿದ್ದ. ಹಬ್ಬದ ಒಬ್ಬಟ್ಟನ್ನೂ ಮುಟ್ಟಲಿಲ್ಲ. ನಾನು ಕಾಫಿ ಕೊಟ್ಟರೆ 'ಮೊದಲು ನೀನು ಕುಡಿ' ಎನ್ನುತ್ತಿದ್ದ. ಕೊನೆಗೆ ಲಿವರ್ ಹೋಗಿ ತೀರಿಕೊಂಡ. ಆ ಮನೆಯಲ್ಲಿ ಹುಳಿಯ ವಿಷಯ ಇವತ್ತಿಗೂ ಯಾರೂ ಎತ್ತುವುದಿಲ್ಲ. ನಿನ್ನ ಪತ್ರ ಓದಿ ನಾನು ಎತ್ತಿದೆ.
– ಹೆಸರು ಬೇಡ, ತಿಪಟೂರು

ಪುಡಿಯ ಬಗ್ಗೆ ಇಷ್ಟು ಸಾಕು ಅನಿಸುತ್ತದೆ. ಮುಂದಿನದು ಶಿಬಿರದ ಪರವಾದ ಪತ್ರ.

ಸುಮ್ನೆ ಶಿಬಿರದ ಮೇಲೆ ಗೂಬೆ ಕೂರಿಸಬೇಡಿ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು ನಮ್ಮೂರಲ್ಲೇ ಇದ್ದಾರೆ. ನಿಮ್ಮ ಯಜಮಾನರಿಗೆ ಮನಸ್ಸಿಲ್ಲ, ಅಷ್ಟೇ.
– ಬೆಳ್ತಂಗಡಿಯ ಓದುಗ

ಶಿಬಿರದಿಂದ ಬಿಟ್ಟವರು ಇದ್ದಾರೆ, ನಿಜ. ಬಿಡಲಾಗದವರು ಮುಂದೇನು ಮಾಡಬೇಕು ಎಂಬುದಕ್ಕೆ ನಿವೃತ್ತ ನರ್ಸ್ ಒಬ್ಬರು ಬರೆದಿದ್ದಾರೆ.

ಕುಡಿಯುವ ಆಸೆಯನ್ನೇ ತಗ್ಗಿಸುವ ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್‌ಗೆ ಅಮೆರಿಕದಲ್ಲಿ 1994ರಲ್ಲೇ ಒಪ್ಪಿಗೆ ಸಿಕ್ಕಿದೆ. ಕುಡಿದರೂ ಮೊದಲಿನ 'ಕಿಕ್' ಸಿಗುವುದಿಲ್ಲ. ಅಕ್ಯಾಂಪ್ರೊಸೇಟ್ ಇನ್ನೊಂದು. ಮೊದಲನೆಯದಕ್ಕೆ ಲಿವರ್, ಎರಡನೆಯದಕ್ಕೆ ಕಿಡ್ನಿ ಪರೀಕ್ಷೆ ಬೇಕು. ಎಲ್ಲರಿಗೂ ಒಗ್ಗುತ್ತದೆ ಎಂದು ಹೇಳಲಾರೆ. ಮಾತ್ರೆಯ ಜೊತೆ ಆಪ್ತ ಸಮಾಲೋಚನೆಯೂ ಬೇಕು.

ಇನ್ನೊಂದು ಮಾತು. ದಿನಾ ಜಾಸ್ತಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು. ಪ್ರಾಣಕ್ಕೇ ಕುತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಬರಲ್ಲ ಅಂದರೆ ಮೊದಲು ನೀವೇ ಹೋಗಿ.
– ಮೈಸೂರಿನಿಂದ

ಈ ಕಿರಿಯ ಓದುಗರ ಚಿಂತೆ ಬೇರೆ. ಅದೂ ಇರಲಿ.

ಅಕ್ಕಾ, ಜಮೀನು ಇದ್ದರೆ ಇವತ್ತೇ ಪಹಣಿ ತೆಗೆಸಿ. 11ನೇ ಕಾಲಂನಲ್ಲಿ ಸಾಲ ಕಾಣುತ್ತೆ. ನಮ್ಮಪ್ಪ ತೋಟ ಅಡವಿಟ್ಟಿದ್ದು ನೋಟಿಸು ಬಂದ ಮೇಲೇ ನಮಗೆ ಗೊತ್ತಾಯಿತು. ಸಂಘದ ಸಾಲ ನಿಮ್ಮ ಹೆಸರಲ್ಲಿ ಎತ್ತಿ ಅವರ ಕೈಗೆ ಕೊಡಬೇಡಿ.
– ಅರಸೀಕೆರೆಯ ವಿದ್ಯಾರ್ಥಿನಿ

ಒಂದು ಕಾರ್ಡೂ ಬಂದಿದೆ. ಸ್ವಲ್ಪ ಖಾರ ಇದೆ, ಆದರೂ ಹಾಗೇ ಕೊಡುತ್ತಿದ್ದೇವೆ.

ಪುಡಿ ಹಾಕಲೇ ಅಂತ ಊರಿಗೆಲ್ಲ ಕೇಳಿದ್ದೀರಿ. ಉಣ್ಣುವವರನ್ನು ಕೇಳಿದ್ದೀರಾ?
– ಧಾರವಾಡ

ಪುಡಿ ಎಲ್ಲಿ ಸಿಗುತ್ತದೆ, ಮಾರುವವರ ನಂಬರ್ ಕೊಡಿ ಎಂದು ಕೇಳಿದ ಪತ್ರಗಳೂ ಬಂದಿವೆ. ಅವಕ್ಕೆ ನಾವು ಉತ್ತರ ಕಳಿಸುವುದಿಲ್ಲ.
– ಸಂ.