ಮುಂಗಾಲಿನ ಗಾಯ ಮಾಯ್ತಾನೇ ಇಲ್ಲ, ಡಾಕ್ಟರ್ ಹತ್ರ ಕರ್ಕೊಂಡು ಹೋಗೋದಂತೂ ದೊಡ್ಡ ರಾಮಾಯಣ

ಗುಂಡನಮ್ಮ:

ನಮ್ಮ ಗುಂಡ ಲ್ಯಾಬ್ರಡಾರ್, ಎಂಟು ವರ್ಷ. ಎಡ ಮುಂಗಾಲಿನ ಮಣಿಕಟ್ಟಿನ ಮೇಲೆ ಗಾಯ. ಮೊದಲು ಕೂದಲು ಉದುರಿದ ಒಂದು ಸಣ್ಣ ಜಾಗ, ಅಷ್ಟೇ. ಈಗ ಚರ್ಮ ದಪ್ಪಗೆ ಗಟ್ಟಿಯಾಗಿ ಉಬ್ಬಿಕೊಂಡಿದೆ, ಅಂಚು ಕಪ್ಪಗೆ, ನಡುವೆ ಕೆಂಪಗೆ ಹಸಿ. ಆಂಟಿಬಯಾಟಿಕ್ ಕೊಟ್ಟಷ್ಟು ದಿನ ಒಣಗುತ್ತೆ. ನಿಲ್ಲಿಸಿದ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಹಗಲೆಲ್ಲ ಸಾಧು. ರಾತ್ರಿ ದೀಪ ಆರಿಸಿದ ಮೇಲೆ ಚಪ್ ಚಪ್ ಅಂತ ನೆಕ್ಕೋದು ಶುರು. ಕೊರಳಿಗೆ ಕೋನ್ ಹಾಕಿದ್ರೆ ಅದರ ಅಂಚನ್ನ ಸೋಫಾಕ್ಕೆ ಒತ್ತಿ ಮಡಚಿ ಕಾಲು ಎಟುಕಿಸ್ಕೊಳ್ತಾನೆ. ಈ ಬುದ್ಧಿ 'ಬಾ' ಅಂದಾಗ ಎಲ್ಲಿ ಹೋಗಿರುತ್ತೋ! ನಮ್ಮಮ್ಮ ಬೇರೆ, 'ನಾಯಿ ನೆಕ್ಕಿದ್ರೇ ಗಾಯ ಮಾಯೋದು, ಬಿಡೇ' ಅಂತಾರೆ.

ಡಾಕ್ಟರು ಈಗ ಮತ್ತು ಬರಿಸಿ ಎಕ್ಸ್‌ರೇ, ಬಯಾಪ್ಸಿ (ಗಾಯದ ಚೂರು ತೆಗೆದು ಪರೀಕ್ಷೆ) ಎರಡೂ ಮಾಡೋಣ ಅಂತಿದ್ದಾರೆ. ಚರ್ಮದ ಗಾಯಕ್ಕೆ ಎಕ್ಸ್‌ರೇ ಯಾಕೆ? ಇನ್ನೊಂದು, ಕ್ಲಿನಿಕ್ ಬಾಗಿಲು ಕಂಡ್ರೆ ಇವನು ನೆಲಕ್ಕೆ ಅಂಟಿ ಕೂತ್ಬಿಡ್ತಾನೆ. ಹೋದ ಸಲ ಟೇಬಲ್ ಮೇಲೆ ಗಡಗಡ ನಡುಗ್ತಾ ಡಾಕ್ಟರಿಗೇ ಗುರ್ ಅಂದ. ಎಂದೂ ಯಾರಿಗೂ ಗುರ್ ಅಂದವನಲ್ಲ. ನಂಗೆ ಅವಮಾನಕ್ಕಿಂತ ಸಂಕಟಾನೇ ಜಾಸ್ತಿ ಆಯ್ತು. ಯಾರಿಗಾದ್ರೂ ಇಂಥದ್ದು ಆಗಿದೆಯಾ?

ಎರಡುನಾಯಿ_ಒಂದುಸೋಫಾ:

ಮೊದಲು ಕೋನ್ ಸೈಜ್ ನೋಡಿ. ಮೂಗಿನ ತುದಿಗಿಂತ ಸ್ವಲ್ಪ ಮುಂದಕ್ಕೆ ಚಾಚಿರಬೇಕು, ಗಟ್ಟಿ ಪ್ಲಾಸ್ಟಿಕ್ಕಿಂದು ಆಗಿರಬೇಕು. ಗಾಳಿ ತುಂಬೋ ಟ್ಯೂಬ್ ಥರದ್ದು ಕೊಳ್ಳೋಕೆ ಹೋಗ್ಬೇಡಿ, ಅದನ್ನ ಹಾಕಿದ್ರೂ ಮುಂಗಾಲು ಆರಾಮಾಗಿ ಎಟುಕುತ್ತೆ. ಅಮ್ಮನಿಗೆ ಹೇಳಿ: ಎಂಜಲಲ್ಲಿ ಕೆಲವು ಬ್ಯಾಕ್ಟೀರಿಯಾ ಕೊಲ್ಲೋ ಅಂಶ ಇರೋದು ನಿಜಾನೇ, ಆದ್ರೆ ನಾಲಿಗೆ ಉಜ್ಜೀ ಉಜ್ಜೀ ಹೊಸದಾಗಿ ಬರೋ ಚರ್ಮ ಕಿತ್ತು ಬರುತ್ತೆ.

ಬ್ಯಾಂಡೇಜ್ ಕಟ್ಟಿಸಿದ್ರೆ ದಿನಾ ಕಾಲ್ಬೆರಳು ನೋಡ್ತಿರಿ. ಬೆರಳು ಊದಿ ನಡುವಿನ ಎರಡು ಉಗುರು ದೂರ ದೂರ ಆಗಿದ್ರೆ, ಇಲ್ಲಾ ತಣ್ಣಗಿದ್ರೆ, ತುಂಬಾ ಬಿಗಿಯಾಗಿದೆ ಅಂತ. ಒದ್ದೆಯಾದ ಬ್ಯಾಂಡೇಜ್ ಒಂದು ರಾತ್ರಿನೂ ಇಟ್ಕೋಬಾರದು.

ಬಾಲದಬುಡ:

ನೀವು ವರ್ಣಿಸಿದ್ದು ಓದಿದ್ರೆ ಲಿಕ್ ಗ್ರಾನುಲೋಮ (ಒಂದೇ ಜಾಗ ನೆಕ್ಕಿ ನೆಕ್ಕಿ ಆಗೋ ದಪ್ಪ ಗಾಯ) ಥರ ಕಾಣುತ್ತೆ. ನಮ್ಮ ಮನೆ ಹೆಣ್ಣು ಡಾಬರ್‌ಮನ್‌ಗೂ ಅದೇ ಜಾಗದಲ್ಲಿ ಆಗಿತ್ತು, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಮೇಲೆ ಕಾಣೋದು ಚರ್ಮ, ಆದ್ರೆ ಜಗಳ ಒಳಗೆ ನಡೀತಿರುತ್ತೆ. ನೆಕ್ಕಿ ನೆಕ್ಕಿ ಕೂದಲಿನ ಬುಡಗಳು ಒಡೆದು, ಕೂದಲಿನ ಚೂರುಗಳು ಚರ್ಮದ ಒಳಪದರಕ್ಕೆ ಸೇರ್ಕೊಳ್ತವೆ. ದೇಹ ಅದನ್ನ ಮುಳ್ಳು ಹೊಕ್ಕ ಹಾಗೆ ಕಂಡು ಹೋರಾಡುತ್ತೆ, ಜೊತೆಗೆ ಬ್ಯಾಕ್ಟೀರಿಯಾನೂ ಆಳಕ್ಕೆ ಇಳಿಯುತ್ತೆ. ತುರಿಕೆ ಹೆಚ್ಚುತ್ತೆ, ಮತ್ತೆ ನೆಕ್ತಾವೆ. ಇಷ್ಟು ಆಳದ ಸೋಂಕಿಗೆ ಒಂದು ವಾರದ ಮಾತ್ರೆ ಎಲ್ಲಿ ಸಾಲುತ್ತೆ? ಸಾಮಾನ್ಯವಾಗಿ 6ರಿಂದ 8 ವಾರ ಬೇಕಾಗುತ್ತೆ, ಕೆಲವು ಸಲ ಇನ್ನೂ ಜಾಸ್ತಿ. ಮೇಲೆ ವಾಸಿಯಾದ ಹಾಗೆ ಕಂಡ್ರೂ ಡಾಕ್ಟರು ಹೇಳೋವರೆಗೂ ನಿಲ್ಲಿಸೋ ಹಾಗಿಲ್ಲ. ಯಾವ ಔಷಧಿ ಅಂತ ಗೊತ್ತಾಗೋಕೆ ಕಲ್ಚರ್, ಅಂದ್ರೆ ಕೀಟಾಣುವನ್ನ ಲ್ಯಾಬಲ್ಲಿ ಬೆಳೆಸಿ ನೋಡೋ ಪರೀಕ್ಷೆ, ಬೇಕು. ಮೇಲ್ಮೈ ಒರೆಸಿ ತೆಗೆದ ಸ್ಯಾಂಪಲ್‌ನಲ್ಲಿ ಒಳಗಿನ ಕೀಟಾಣು ಸಿಗದೇ ಹೋಗಬಹುದು, ಅದಕ್ಕೇ ಬಯಾಪ್ಸಿ. ಗಡ್ಡೆ ಅಲ್ಲ ಅಂತನೂ ಅದರಲ್ಲೇ ತಿಳಿಯುತ್ತೆ.

ಎಕ್ಸ್‌ರೇ ಯಾಕೆ ಅಂದ್ರಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಗಾಯ ಇರೋದು ಕೀಲಿನ ಮೇಲೆ. ಎಷ್ಟೋ ನಾಯಿಗಳು ಒಳಗೆ ನೋಯ್ತಿರೋ ಕೀಲಿನ ಮೇಲಿನ ಚರ್ಮಾನೇ ನೆಕ್ತಾವೆ. ನಮ್ಮವಳಿಗೆ ಮಣಿಕಟ್ಟಲ್ಲಿ ಸಂಧಿವಾತ ಇತ್ತು. ನೋವಿಗೆ ಚಿಕಿತ್ಸೆ ಶುರುವಾದ ಮೇಲೇ ಕಾಲಿನ ತಂಟೆ ಬಿಟ್ಲು. ಬೇಜಾರಿಗೆ ನೆಕ್ಕುತ್ತೆ ಅಂತ ಎಲ್ಲರೂ ಸುಲಭವಾಗಿ ಹೇಳ್ತಾರೆ, ಮಿಕ್ಕಿದ್ದೆಲ್ಲ ನೋಡಿ ಆದ್ಮೇಲೆ ಬರಬೇಕಾದ ಮಾತು ಅದು.

ಗಾಯಾನ ಕತ್ತರಿಸಿ ತೆಗೆಸಿಬಿಡೋಣ ಅಂತ ಯಾರಾದ್ರೂ ಅಂದ್ರೆ ಅವಸರ ಬೇಡ. ಅಲ್ಲಿ ಚರ್ಮ ಸಡಿಲ ಇರಲ್ಲ, ಹೊಲಿಗೆ ಬಿಚ್ಚಿಕೊಳ್ಳುತ್ತೆ, ಕಾರಣ ಹಾಗೇ ಉಳಿದ್ರೆ ಹೊಲಿಗೆನೂ ನೆಕ್ತಾನೆ.

ಎರಡುನಾಯಿ_ಒಂದುಸೋಫಾ:

ಇಂಥದ್ದೇ ಗಾಯ ಆಗಿದ್ದ ನಮ್ಮವನ ಎಕ್ಸ್‌ರೇಯಲ್ಲಿ ಏನೂ ಇರ್ಲಿಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ. ಅವನಿಗೆ ಇದ್ದದ್ದು ಅಲರ್ಜಿ. ಕಿವಿನೂ ಕೆರ್ಕೊಳ್ತಿದ್ದ, ಹೊಟ್ಟೆ ಅಡಿ ಕೆಂಪಗಿತ್ತು. ಅದೂ ನೋಡಿ.

ಗುಂಡನಮ್ಮ:

ಕಿವಿ, ಹೊಟ್ಟೆ ಎಲ್ಲ ಚೆನ್ನಾಗಿದೆ. ಆದ್ರೆ ಬಾಲದಬುಡ ಅವರೇ, ಬೆಳಿಗ್ಗೆ ಎದ್ದಾಗ ನಾಲ್ಕು ಹೆಜ್ಜೆ ಎಡಗಾಲು ಊರೋಕೆ ಹಿಂದೆ ಮುಂದೆ ನೋಡ್ತಾನೆ. ಆಮೇಲೆ ಸರಿಹೋಗುತ್ತೆ. ಕ್ಲಿನಿಕ್‌ನಲ್ಲಿ ಮಾತ್ರ ಕುಂಟೋದೇ ಇಲ್ಲ ಮಹಾರಾಯ, ಡಾಕ್ಟರ ಮುಂದೆ ನಾನೇ ಸುಳ್ಳಿ ಆಗ್ತೀನಿ. ಸದ್ಯಕ್ಕೆ ನಮ್ಮ ನೋವಿನ ಮಾತ್ರೆ ಚೂರು ಕೊಡಬಹುದಾ?

ಹಳೇಕಾಂಪೌಂಡರ್:

ಬೇಡವೇ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಪ್ಯಾರಾಸಿಟಮಾಲನ್ನೂ ನೀವಾಗೇ ಕೊಡೋದಲ್ಲ, ಲಿವರ್‌ಗೆ ಏಟು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಾಯ ತೊಳೆಯೋ ಅಭ್ಯಾಸ ಇದ್ರೂ ಬಿಡಿ, ಹೊಸ ಜೀವಕೋಶ ಸುಡುತ್ತೆ.

ಪ್ರಾಣಿಗಳ ಕ್ಲಿನಿಕ್‌ನಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ಹೆದರಿದಾಗ ಮೈಯೆಲ್ಲ ಬಿಗಿಯಾಗಿ ಕುಂಟು ಮುಚ್ಚಿಹೋಗುತ್ತೆ, ನೀವು ಸುಳ್ಳಿ ಏನಲ್ಲ. ಬೆಳಿಗ್ಗೆ ಏಳೋದನ್ನ ಫೋನಲ್ಲಿ ವಿಡಿಯೋ ಮಾಡಿ ತೋರಿಸಿ. ಗುರ್ ಅಂದದ್ದಕ್ಕೆ ಗದರಬೇಡಿ. ಗದರಿಸಿಕೊಂಡ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತೆ, ಅದನ್ನ ಕೈಯಲ್ಲಿ ಅನುಭವಿಸಿದ್ದೀನಿ.

ಭೇಟಿಗೆ ಮುಂಚೆ ಮನೆಯಲ್ಲೇ ಕೊಡೋ ಗ್ಯಾಬಪೆಂಟಿನ್, ಟ್ರಾಝೊಡೋನ್ ಥರದ, ಹೆದರಿಕೆ ತಗ್ಗಿಸೋ ಮಾತ್ರೆ ಬಗ್ಗೆ ಡಾಕ್ಟರನ್ನ ಕೇಳಿ. ಹೊರಡೋಕೆ ಒಂದೆರಡು ಗಂಟೆ ಮುಂಚೆ ಕೊಡೋದು, ಪ್ರಮಾಣ ಅವರೇ ಹೇಳಬೇಕು. ಸುಮ್ಮನಿರೋ ಒಂದು ದಿನ ಮನೆಯಲ್ಲೇ ಕೊಟ್ಟು ಹೇಗಿರ್ತಾನೆ ನೋಡ್ಕೊಂಡಿರಿ. ಕಾಯೋ ಕೋಣೆ ಬೇಡ, ಸರದಿ ಬರೋವರೆಗೂ ಗಾಡಿಯಲ್ಲೇ ಇರಿ. ಟೇಬಲ್ ಬೇಡ, ನೆಲದ ಮೇಲೇ ನೋಡಿ ಅಂತ ಕೇಳಿ, ಇಷ್ಟು ದೊಡ್ಡ ನಾಯಿಗೆ ಹೆಚ್ಚಿನವರು ಒಪ್ತಾರೆ. ಹೇಗೂ ಮತ್ತು ಬರಿಸ್ತಾರಲ್ಲ, ಎಕ್ಸ್‌ರೇ, ಬಯಾಪ್ಸಿ, ಉಗುರು, ಹಲ್ಲು ಎಲ್ಲ ಒಂದೇ ಸಲಕ್ಕೆ ಮುಗಿಸ್ಕೊಳ್ಳಿ.

ಗುಂಡನಮ್ಮ:

ಡಾಕ್ಟರ ಜೊತೆ ಫೋನಲ್ಲಿ ಮಾತಾಡಿದೆ. ವಿಡಿಯೋ ನೋಡಿ ಮೊಣಕೈ, ಭುಜದ ಎಕ್ಸ್‌ರೇನೂ ತೆಗೆಯೋಣ ಅಂದ್ರು. ಮಾತ್ರೆಗೂ ಒಪ್ಪಿದ್ರು. ಮತ್ತು ಬರಿಸೋಕೆ ಮುಂಚೆ ರಕ್ತ ಪರೀಕ್ಷೆ ಇದೆಯಂತೆ, ಅದಕ್ಕೆ ಎಚ್ಚರದಲ್ಲೇ ಹೋಗಬೇಕು. ಕಚ್ಚದ ಹಾಗೆ ಮೂತಿಗೆ ಹಾಕೋ ಬಾಯಿಬುಟ್ಟಿ ತಗೊಳ್ಳೋಣ ಅಂತ. ಯಾವ ಥರದ್ದು?

ಹಳೇಕಾಂಪೌಂಡರ್:

ಜಾಲರಿ ಬುಟ್ಟಿ ಥರದ್ದು. ಬಾಯಿ ಪೂರ್ತಿ ತೆಗೆದು ತೇಕೋಕೆ ಜಾಗ ಇರಬೇಕು. ಬಟ್ಟೆಯದ್ದು ಬಾಯಿ ಮುಚ್ಚಿ ಹಿಡಿಯುತ್ತೆ, ಬೇಡ. ಹಾಕೋಕೆ ಮುಂಚೆ ಕೆಲವು ದಿನ ಬುಟ್ಟಿಯೊಳಗೆ ತಿಂಡಿ ಇಟ್ಟು ಅವನೇ ಮೂತಿ ತೂರಿಸೋ ಹಾಗೆ ಮಾಡಿ, ಪಟ್ಟಿ ಆಮೇಲೆ ಬಿಗೀರಿ. ಲ್ಯಾಬ್ರಡಾರ್ ಅಂದ್ರಲ್ಲ, ಬೇಗ ಕಲೀತಾನೆ ಬಿಡಿ.