ಚಿಗರಿ ಫೋಟೋ ಶಾರ್ಪ್ ಬರವಲ್ದು, ಲೆನ್ಸ್ ಬದಲಿ ಮಾಡ್ಲೇನ್ರಿ?

ಎರೆಹೊಲ_ಕೊಪ್ಪಳ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಯಲಬುರ್ಗಾ ಕಡೆ, ಕಡ್ಲಿ ಹೊಲದಾಗ ಚಿಗರಿ (ಕೃಷ್ಣಮೃಗ) ಹಿಂಡು ದಿನಾ ಬರ್ತಾವ, ನಮ್ಮಪ್ಪ ಅವನ್ನ ಓಡ್ಸಾಕ ಹೋಗ್ತಾನ ನಾನು ಫೋಟೋ ತಗ್ಯಾಕ ಹೋಗ್ತೀನಿ, ಮನ್ಯಾಗ ಇದ ಜಗಳ. ಕ್ಯಾಮೆರಾ ಕ್ರಾಪ್ ಸೆನ್ಸರ್ದು (ಫುಲ್ ಫ್ರೇಮ್‌ಕಿಂತ ಸಣ್ಣ ಸೆನ್ಸರ್), ಲೆನ್ಸ್ 70-300 ಎಂಎಂ ಜೂಮ್, ಎರಡೂ ಸೆಕೆಂಡ್ ಹ್ಯಾಂಡ್. ಮೂರು ಫೋಟೋ ಹಾಕೀನಿ. ಮೊದಲ್ನೇದು ಮುಂಜಾನಿ ಆರೂ ಮುಕ್ಕಾಲಿಗೆ ತಗದಿದ್ದು, ಎರಡ್ನೇದು ಹನ್ನೊಂದುವರಿಗೆ ನಮ್ಮ ಮಾಮಾನ ಕಾರ್‌ನಾಗ ಕುಂತು, ಮೂರ್ನೇದು ಮನಿ ಮುಂದಿನ ಆಡಿನ ಮರಿ. ಆಡಿನ ಮರಿದು ರೆಪ್ಪಿ ಕೂದ್ಲಾ ಎಣಸಬೌದು ಅಷ್ಟು ಚಂದ ಬಂದೈತಿ, ಚಿಗರಿ ಮಾತ್ರ ಹಾಲಾಗ ಅದ್ದಿ ತಗದಂಗ ಕಾಣ್ತಾವ. ಗೆಳೆಯಾ 150-600 ತಗೋ ಅಂತಾನ, ರೊಕ್ಕಾನೂ ಒಂದೀಟು ಕೂಡ್ಸೀನಿ. ತಗೊಳ್ಳೇನು ಬ್ಯಾಡೇನು ಹೇಳ್ರಿ.

ಬಂಡೆಗುಡ್ಡ_ಬಳ್ಳಾರಿ:
ಬ್ರದರ್ ಇವು ವಾಟ್ಸಾಪ್‌ನಲ್ಲಿ ಬಂದು ಹೋಗಿರೋ ಫೋಟೋ ಅಲ್ವಾ? ಸೈಜ್ ನೋಡಿದ್ರೇ ಗೊತ್ತಾಗ್ತೈತೆ. ಅದು ಒತ್ತಿ ಒತ್ತಿ ಅರ್ಧ ಜೀವ ತೆಗೆದಿರುತ್ತೆ, ಶಟರ್ (ಸೆಕೆಂಡಿನ ಎಷ್ಟನೇ ಭಾಗ ತೆರೆದಿತ್ತು) ಎಷ್ಟಿತ್ತು ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು) ಎಷ್ಟಿತ್ತು ಅನ್ನೋ ವಿವರನೂ ಅಳಿಸಿ ಹೋಗಿರುತ್ತೆ. ಒರಿಜಿನಲ್ ಹಾಕ್ರಿ, ಆಮೇಲೆ ಮಾತಾಡಣ.

ಸ್ಟುಡಿಯೋ_ಗಂಗಾವತಿ:
70-300ರಿಂದ ಕಾಡುಪ್ರಾಣಿ ಆಗಲ್ಲ ತಮ್ಮಾ. 600 ಬೇಕೇ ಬೇಕು. ನಾ ಮದ್ವಿ ಫೋಟೋದಾಗ 20 ವರ್ಷ ಕಳದೀನಿ, ಲೆನ್ಸ್ ಅಂದ್ರ ಲೆನ್ಸ್.

ಎರೆಹೊಲ_ಕೊಪ್ಪಳ:
ಒರಿಜಿನಲ್ ಹಾಕೀನ್ರಿ. ಮೊದಲ್ನೇದು 300 ಎಂಎಂ, ಶಟರ್ 1/125, ಐಎಸ್‌ಓ 100. ನಾಯ್ಸ್ (ಫೋಟೋದಾಗ ಕಾಳುಕಾಳು) ಬರಬಾರ್ದು ಅಂತ 100ಕ್ಕ ಲಾಕ್ ಮಾಡಿ ಇಟ್ಟಿದ್ದೆ. ಎರಡ್ನೇದಕ್ಕ ಲಾಕ್ ತಗದಿದ್ದೆ, 1/2000, ಎಫ್ 8 (ಲೆನ್ಸಿನ ಕಿಂಡಿ ಅಳತಿ).

ರಾಯಚೂರು_ಬಿಸಿಲು:
ಈಗ ಕೇಸ್ ತಿಳೀತು ನೋಡ್ರಿ. ನಿಮ್ಮ ಎರಡು ಫೋಟೋಕ್ಕ ಎರಡು ಬ್ಯಾರೆ ಬ್ಯಾರೆ ರೋಗ ಅವ, ನೀವು ಎರಡಕ್ಕೂ ಒಂದೇ ಗುಳಿಗಿ ಕೇಳ್ಲಿಕ್ಕತ್ತೀರಿ.

ಮೊದಲ್ನೇದು ಕೈ ನಡುಗಿದ್ದು. ಕ್ರಾಪ್ ಸೆನ್ಸರ್‌ನಾಗ 300 ಅಂದ್ರ 450ರ ಲೆಕ್ಕ, ಕೈಯಾಗ ಹಿಡದ್ರ ಶಟರ್ 1/500 ಆದ್ರೂ ಬೇಕು, ಪ್ರಾಣಿ ಅಲ್ಲಾಡ್ತದ ಅಂದ್ರ 1/1000. ಜೂಮ್ ಮಾಡಿ ಕೋಡಿನ ತುದಿ ನೋಡ್ರಿ, ಎರಡೆರಡು ಕಾಣ್ತದ, ಹುಲ್ಲಿನ ಮ್ಯಾಲಿನ ಮಂಜಿನ ಹನಿನೂ ಅದೇ ದಿಕ್ಕಿಗೆ ಎಳದಂಗ ಅದ. ಚಿಗರಿ ಒಂದೇ ಅಲ್ಲಾಡಿದ್ರ ಹುಲ್ಲು ಯಾಕ ಎಳೀತಿತ್ತು? ಐಎಸ್‌ಓ 800 ಮಾಡ್ರಿ, 1600 ಮಾಡ್ರಿ, ನಾಯ್ಸ್ ಬಂದ್ರ ಬರ್ಲಿ, ನಾಯ್ಸ್ ಆಮ್ಯಾಲ ಕಡಿಮಿ ಮಾಡಬಹುದು, ಅಲ್ಲಾಡಿದ್ದಕ್ಕ ಔಷಧ ಇಲ್ಲ.

ಎರಡ್ನೇದು ಮಜಾ ಅದ. 1/2000ದಾಗ ಕೈ ನಡುಗಿದ್ದು ಕಾಣೂದಿಲ್ಲ. ಫೋಕಸ್ ತಪ್ಪಿದ್ರ ಚಿಗರಿ ಮುಂದಿಂದೋ ಹಿಂದಿಂದೋ ಒಂದು ಕಡ್ಲಿ ಗಿಡ ಆದ್ರೂ ಶಾರ್ಪ್ ಇರಬೇಕಿತ್ತು, ಅಷ್ಟು ದೂರದಾಗ ಒಂದೂ ಇಲ್ಲ. ಕೋಡಿನ ಅಂಚು ನೋಡ್ರಿ, ಗರಗಸದಂಗ ಅಂಕುಡೊಂಕು. ಇದು ಎರೆ ಮಣ್ಣಿನ ಕಾವು. ಕರೀ ಮಣ್ಣು ಕಾದು ಮ್ಯಾಲಿನ ಗಾಳಿ ಕುದೀತಿರ್ತದ, ಬಿಸಿ ಗಾಳಿ ತಂಪು ಗಾಳಿ ಕಲಸಿ ಬೆಳಕು ಬಾಗ್ತದ, ಡಾಂಬರ್ ರೋಡಿನ ಮ್ಯಾಲೆ ಮಧ್ಯಾಹ್ನ ನೀರು ನಿಂತಂಗ ಕಾಣ್ತದಲ್ಲ ಅದೇ ಸಂಬಂಧ. ಇದಕ್ಕ ಯಾವ ಲೆನ್ಸೂ ಉತ್ತರ ಅಲ್ಲ. 600 ಹಾಕಿ ಇನ್ನೂ ದೂರದ್ದು ತಗೀಲಿಕ್ಕೆ ಹೋದ್ರ ನಡುವಿನ ಗಾಳಿ ಇನ್ನೂ ಜಾಸ್ತಿ ಆಗ್ತದ, ಕುಣಿತಾನೂ ದೊಡ್ಡದಾಗೇ ಕಾಣ್ತದ.

ಇದು ನಾ ರೊಕ್ಕ ಕಳಕೊಂಡು ಕಲ್ತಿದ್ದು. ದರೋಜಿ ಕರಡಿಧಾಮಕ್ಕ ಹೋಗಿದ್ದೆ, ಆಗ ಅದು ಬಳ್ಳಾರಿ ಜಿಲ್ಲಾದಾಗಿತ್ತು, ಈಗ ವಿಜಯನಗರ. ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಹಚ್ಚಿರ್ತಾರ, ಕರಡಿ ನೆಕ್ಕಲಿಕ್ಕೆ ಬರ್ತಾವ, ನಾವು ವಾಚ್ ಟವರ್‌ನಿಂದ ನೋಡೂದು. ನಡುವ ಇಡೀ ಕಾದ ಬಂಡೆ. ಫೋಟೋದಾಗ ಕರಡಿ ಕೂದ್ಲು ನೆನೆದ ಹತ್ತಿ ಆಗಿತ್ತು. ಲೆನ್ಸ್ ಕೆಟ್ಟದ ಅಂತ ಅರ್ಧ ರೇಟಿಗೆ ಮಾರಿ ಹೊಸಾದು ತಗೊಂಡೆ, ಮುಂದಿನ ಏಪ್ರಿಲ್‌ದಾಗ ಅದೇ ಟವರ್, ಅದೇ ಹತ್ತಿ. ಮಳಿ ಬಂದು ಬಂಡೆ ತಣ್ಣಗಾದ ದಿನ ಹೋದಾಗ ಕರಡಿ ಮೂತಿ ಮ್ಯಾಲಿನ ಅಂಟು ಸೈತ ಕಂಡಿತು.

ಬಂಡೆಗುಡ್ಡ_ಬಳ್ಳಾರಿ:
ಕಾರ್ ವಿಷ್ಯ ಕೇಳಬೇಕಿತ್ತು. ಎಸಿ ಹಾಕಿ ಗ್ಲಾಸ್ ಇಳಿಸಿ ತೆಗೆದ್ರಾ?

ಎರೆಹೊಲ_ಕೊಪ್ಪಳ:
ಹೌದ್ರಿ, ಮಾಮಾ ಎಸಿ ಬಂದ್ ಮಾಡಾಕ ಒಪ್ಪಲಿಲ್ಲ 😅 ಇಂಜಿನ್ನೂ ಚಾಲೂ ಇತ್ತು.

ಬಂಡೆಗುಡ್ಡ_ಬಳ್ಳಾರಿ:
ಹಂಗಾದ್ರೆ ಲೆನ್ಸ್ ಮುಂದೇನೇ ತಂಪು ಗಾಳಿ ಬಿಸಿ ಗಾಳಿ ಕುಸ್ತಿ ಆಡ್ತಾ ಇತ್ತು. ಇಂಜಿನ್ ಆಫ್, ಎಸಿ ಆಫ್, ಗ್ಲಾಸ್ ಎಲ್ಲಾ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೀರಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಜೋಳ ತುಂಬಿ ಹೊಲಿದು ಕಿಟಕಿ ಮೇಲೆ ಇಟ್ಕೊಳ್ರಿ, ಲೆನ್ಸ್ ಅದ್ರ ಮೇಲೆ ಕೂತ್ರೆ ಅಲ್ಲಾಡಲ್ಲ. ಲೆನ್ಸ್ ಮುಂದೆ ಯುವಿ ಫಿಲ್ಟರ್ (ಲೆನ್ಸ್ ಕಾಯೋ ಗಾಜು) ಐತಾ? ಅಗ್ಗದ್ದಾದ್ರೆ ಬಿಚ್ಚಿ ಒಗೀರಿ.

ಸ್ಟುಡಿಯೋ_ಗಂಗಾವತಿ:
ಗಾಳಿ ಅಂತ ನೆವ ಹೇಳ್ಕೊಂಡು ಕುಂದ್ರ ಬ್ಯಾಡ್ರಪಾ. ಎಲ್ಲಾರೂ ಮಧ್ಯಾಹ್ನ ತಗೀತಾರ.

ರಾಯಚೂರು_ಬಿಸಿಲು:
ಅಣ್ಣಾರೆ ನೀವು ತಗೀದು ಹತ್ತು ಅಡಿ ದೂರದ ಮದುಮಕ್ಕಳನ್ನ, ಅಲ್ಲಿ ಯಾವ ಕಾವು? ಆಡಿನ ಮರಿ ಫೋಟೋ ಶಾರ್ಪ್ ಬಂದದ ಅಂದ ಮ್ಯಾಲ ಲೆನ್ಸ್‌ಗೆ ಯಾಕ ಬೈಬೇಕು.

ವಾದ ಬ್ಯಾಡ, ಪರೀಕ್ಷೆ ಮಾಡ್ರಿ. ಹೊಲದಾಗ 200 ಹೆಜ್ಜಿ ದೂರ ಅಕ್ಷರ ಇರೋ ಏನಾದ್ರೂ ಹುಡುಕ್ರಿ. ಅದೇ ಜಾಗ, ಅದೇ ಜೋಳದ ಚೀಲ, ಅದೇ ಸೆಟ್ಟಿಂಗ್, ಮುಂಜಾನಿ ಏಳಕ್ಕ ಹತ್ತು ಫೋಟೋ, ಹನ್ನೊಂದುವರಿಗೆ ಹತ್ತು. ಫೋಕಸ್ ಲೈವ್ ವ್ಯೂದಾಗ (ಕ್ಯಾಮೆರಾ ಹಿಂದಿನ ಸ್ಕ್ರೀನ್ ನೋಡಿ) ಮಾಡ್ರಿ. ಹತ್ತೂ ಒಂದೇ ತರ ಮೆತ್ತಗಿದ್ರ ಲೆನ್ಸ್ ಮ್ಯಾಲೆ ಡೌಟ್ ಪಡೋಣ, ಒಂದೊಂದು ಒಂದೊಂದು ತರ ಸೊಟ್ಟ ಇದ್ರ ಗಾಳಿ.

ಎರೆಹೊಲ_ಕೊಪ್ಪಳ:
(ನಾಲ್ಕು ದಿನ ಆದಮ್ಯಾಲ)
ಮಾಡಿದ್ನ್ರಿ. ನಮ್ಮ ಹೊಲದ ಬಾಜೂ ಟ್ರಾನ್ಸ್‌ಫಾರ್ಮರ್ ಐತಿ, ಅದರ ಡೇಂಜರ್ ಬೋರ್ಡ್ ಹಿಡ್ದೆ. ಏಳಕ್ಕ ತಗದಿದ್ದ್ರಾಗ ಆ ಬುರುಡಿಯ ಹಲ್ಲು ಎಣಸಬೌದು. ಹನ್ನೊಂದುವರಿಗೆ ಬುರುಡಿ ನಗ್ತೈತಿ, ಅಳ್ತೈತಿ, ಒಂದ್ರಾಗ ಬಾಯಿ ಸೊಟ್ಟ, ಇನ್ನೊಂದ್ರಾಗ ಹಲ್ಲ ಇಲ್ಲ. ಹತ್ತಕ್ಕ ಹತ್ತೂ ಬ್ಯಾರೆ. ನಮ್ಮಪ್ಪ ನೋಡಿ ಇದನ್ಯಾಕ ಫೋಟೋ ತಗೀತಿ ಹುಚ್ಚ ಹಿಡದೈತೇನು ಅಂದ. ಫಿಲ್ಟರ್ ಬಿಚ್ಚಿದ್ದಕ್ಕ ಭಾಳ ಫರಕ್ ಏನಿಲ್ಲ.

ನಿನ್ನೆ ಮುಂಜಾನಿ ತಗದಿದ್ದು ಎರಡು ಹಾಕೀನಿ, 1/1000, ಐಎಸ್‌ಓ 800. ಹೆಂಗದಾವ ಹೇಳ್ರಿ, ಕಾಂಪಿಟೇಶನ್‌ಗೆ ಕಳಸ್ಬೇಕು ಅಂತ ಮಾಡೀನಿ. ಅ ಫೋಟೋದಾಗ ಕರೀ ಗಂಡು ನಿಂತೈತಿ, ಹಿಂದಿನ ಕರೆಂಟ್ ಕಂಬ ಅಳಿಸೀನಿ. ಬ ಫೋಟೋ ಹೆಣ್ಣುಗಳು ಓಡೂದು, ಒಂದೀಟು ಬ್ಲರ್.

ರಾಯಚೂರು_ಬಿಸಿಲು:
ಅ ಶಾರ್ಪ್ ಅದ, ಭೇಷ್. ಆದ್ರ ನಾ ಅದನ್ನ ಇಟ್ಕೊಳ್ಳೂದಿಲ್ಲ, ಸಿಟ್ಟಾಗಬ್ಯಾಡ್ರಿ. ನಿಂತು ತಗದೀರಿ, ಚಿಗರಿ ನಿಮ್ಮ ಕೆಳಗ ಕಾಣ್ತದ, ಬೆನ್ನೇ ಜಾಸ್ತಿ. ಮಣ್ಣಿನ ಮ್ಯಾಲೆ ಕುಂತು ತಗೀರಿ, ಅದರ ಕಣ್ಣಿನ ಮಟ್ಟಕ್ಕ, ಹಿಂದಿನ ಹೊಲ ದೂರ ಸರದು ಮೆತ್ತಗಾಗ್ತದ, ಕಂಬಾನೂ ಮಂಕಾಗ್ತದ. ಒಂದು ಕೋಡಿನ ತುದಿ ಫ್ರೇಮ್‌ಗೆ ತಾಗೇದ, ಸುರುಳಿ ಕೋಡೇ ಗಂಡಿನ ಚಂದ, ಅದಕ್ಕ ಮ್ಯಾಲೆ ಜಾಗ ಬಿಡ್ರಿ. ಹೊಟ್ಟಿ ಬಿಳಿ ಸುಟ್ಟು ಹೋಗೇದ. ಕರೀ ಮಣ್ಣು, ಕರೀ ಬೆನ್ನು ನೋಡಿ ಕ್ಯಾಮೆರಾ ಕತ್ತಲ ಅದ ಅಂತ ತಿಳ್ಕೊಂಡು ಬೆಳಕು ಜಾಸ್ತಿ ಮಾಡ್ತದ, ಎಕ್ಸ್‌ಪೋಶರ್ ಮೈನಸ್ 0.7 ಇಟ್ಟು ರಾ ಫೈಲ್‌ನಾಗ (ಒತ್ತದ ಪೂರ್ತಿ ಫೈಲ್) ತಗೀರಿ, ಬೆನ್ನಿನ ಬೆಳಕು ಆಮ್ಯಾಲ ಎತ್ತಬಹುದು.

ಬ ಫೋಟೋ ಇಟ್ಕೊಳ್ರಿ. ನಡುವಿನ ಹೆಣ್ಣಿನ ನಾಲ್ಕೂ ಕಾಲು ನೆಲ ಬಿಟ್ಟಾವ, ಕೆಳಗ ಅದರ ನೆರಳು ಬ್ಯಾರೆ ಬಿದ್ದದ, ಹಿಂದ ಧೂಳಿಗೆ ಬಿಸಿಲು ಬಿದ್ದು ಕೆಂಪಗಾಗೇದ. ಮೈ ಬ್ಲರ್ ಇದ್ರೂ ಮುಖ ಹಿಡಿದದ. ನೂರು ನಿಂತ ಚಿಗರಿಕಿಂತ ಇದು ಒಂದು ಸಾಕು. ಆದ್ರ ಒಂದು ಮಾತು, ಅವು ತಾವೇ ಓಡಿದ್ವೋ ನೀವು ಓಡ್ಸಿದ್ರೋ?

ಎರೆಹೊಲ_ಕೊಪ್ಪಳ:
ನಮ್ಮಪ್ಪ ಓಡಿಸಿದ್ದು. ಕಡ್ಲಿ ತಿಂತಿದ್ವಲ್ರಿ.

ಬಂಡೆಗುಡ್ಡ_ಬಳ್ಳಾರಿ:
😂 ಅಪ್ಪಾಜಿ ಬೆಳೆ ಉಳಿಸ್ಕೊಳ್ಳೋಕೆ ಕೂಗಿದ್ದು ಬೇರೆ ಮಾತು. ಫೋಟೋಗೆ ಅಂತ ಬೈಕ್‌ನಲ್ಲಿ ಅಟ್ಟಿಸ್ಕೊಂಡು ಹೋಗೋರು ಇದಾರೆ, ಅವರಿಗೆ ಹೇಳ್ತೀನಿ, ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ್ನೇ ಶೆಡ್ಯೂಲ್‌ನಲ್ಲಿ (ಹೆಚ್ಚು ರಕ್ಷಣೆ ಇರೋ ಪಟ್ಟಿ) ಐತೆ, ಅಟ್ಟೋದೂ ಬೇಟೆ ಲೆಕ್ಕಕ್ಕೇ ಬರುತ್ತೆ. ಓಡಿಸೋ ಅಗತ್ಯನೂ ಇಲ್ಲ ಬ್ರದರ್. ಗಂಡು ತನ್ನ ಜಾಗ ಕಾಯೋ ಟೈಮಲ್ಲಿ ಹಿಕ್ಕೆ ಹಾಕೋಕೆ ಅದೇ ಗುಡ್ಡೆಗೆ ತಿರುಗಿ ತಿರುಗಿ ಬರುತ್ತೆ, ಆ ಗುಡ್ಡೆ ಹುಡುಕಿ ದೂರದಲ್ಲಿ ಬೆಳಗಾಗೋಕೆ ಮುಂಚೆ ಕೂತ್ಬಿಡ್ರಿ.

ಇನ್ನೊಂದು, ಕಂಬ ಅಳಿಸಿದ ಅ ಫೋಟೋ ನೇಚರ್ ವಿಭಾಗಕ್ಕೆ ಕಳಿಸ್ಬೇಡ್ರಿ. ಸಲೋನ್‌ಗಳಲ್ಲಿ (ಫೋಟೋ ಸ್ಪರ್ಧೆ) ಕ್ರಾಪ್ ಮಾಡಬಹುದು, ಇರೋದನ್ನ ಅಳಿಸಂಗಿಲ್ಲ. ಕಂಬ ಹಂಗೇ ಬಿಟ್ರೆ ಮನುಷ್ಯ ಮಾಡಿದ್ದು ಅಂತ ಅದಕ್ಕೂ ತಕರಾರು. ಆಡಿನ ಮರಿನೂ ಅಲ್ಲಿ ನಡೆಯಲ್ಲ, ಸಾಕು ಪ್ರಾಣಿ. ಅದನ್ನ ಓಪನ್ ವಿಭಾಗಕ್ಕೆ ಹಾಕ್ರಿ, ನಿಜ ಹೇಳ್ಬೇಕಂದ್ರೆ ನಂಗೆ ಅದೇ ಜಾಸ್ತಿ ಹಿಡಿಸ್ತು.

ಎರೆಹೊಲ_ಕೊಪ್ಪಳ:
ಬ ಕಳಸ್ತೀನ್ರಿ ಹಂಗಾರ, ಮತ್ತ ಆಡಿನ ಮರಿ. ಲೆನ್ಸಿನ ರೊಕ್ಕ ಬೋರಿನ ಮೋಟ್ರಿಗೆ ಹೋತು, ಸುಟ್ಟಿತ್ತು. ಹಿಕ್ಕಿ ಗುಡ್ಡಿ ಸಿಕ್ಕೈತಿ, ಬದುವಿನ ಕಡೆ. ನಾಳೆ ಐದಕ್ಕ ಹೋಗಿ ಕುಂದ್ರವ, ಗಾಳಿ ಯಾ ಕಡಿಂದ ಬೀಸಿದ್ರ ಚಲೋ, ವಾಸ್ನಿ ಹತ್ತತೈತೇನ್ರಿ ಅವಕ್ಕ?