ಪದಚರ್ಚೆ: ‘ಟೈಲ್ಡ್ ವಿಂಡೋ’ಗೆ ಹೆಂಚು ಹೊಂದುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಹಳೆಯ ಐಬಿಎಂ ಎಕ್ಸ್‌ಟಿ ಕಂಪ್ಯೂಟರ್ ಒಂದಕ್ಕೆ ಕುಮಟೆಯ ನಮ್ಮ ಮನೆಯಲ್ಲಿ ಈ ಮಳೆಗಾಲ ಜೀವ ಬಂತು. ಊರ ಶಾಲೆಯ ಮಕ್ಕಳಿಗೆ ತೋರಿಸುವಾಗ ಪಕ್ಕದಲ್ಲಿಡಲು ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೇನೆ. ತೊಡಕಾದ ಪದಗಳು ಎರಡು. ಒಂದು ಹೇಗೋ ಬಗೆಹರಿಯಿತು.

ಅದು ‘ಅಪ್‌ಗ್ರೇಡ್ ಕಾರ್ಡ್’, ಅಂದರೆ ಹಳೆ ಯಂತ್ರದ ವೇಗ ಹೆಚ್ಚಿಸಲು ಒಳಗೆ ಸೇರಿಸುವ ಫಲಕ. ಇದರಲ್ಲಿರುವುದು 1987ರ ಇಂಟೆಲ್ ಇನ್‌ಬೋರ್ಡ್ 386. ಯಂತ್ರದ ಮಿದುಳಾದ ಮೂಲದ 4.77 ಮೆಗಾಹರ್ಟ್ಸಿನ 8088 ಚಿಪ್ಪನ್ನು ಕಿತ್ತು, ಅದರ ನಲವತ್ತು ಕಾಲಿನ ಕುಳಿಗೆ ಕಾರ್ಡಿನ ಕೇಬಲ್ ಚುಚ್ಚಬೇಕು. ಆಮೇಲೆ ಯಂತ್ರ ಓಡುವುದು ಕಾರ್ಡಿನ ಮೇಲಿರುವ 16 ಮೆಗಾಹರ್ಟ್ಸಿನ 386 ಚಿಪ್ಪಿನಲ್ಲಿ. (ಚಿಪ್ಪು ಕೀಳುವಾಗ ಒಂದು ಕಾಲು ಸೊಟ್ಟಗಾಯಿತು, ಕಡಲಗಾಳಿಗೆ ಕುಳಿಯೂ ಹಸಿರುಗಟ್ಟಿತ್ತು.) ‘ವೇಗವರ್ಧಕ ಫಲಕ’ ಎಂದು ಬರೆದರೆ ರಸಾಯನಶಾಸ್ತ್ರದ ಪಾಠದಂತೆ ಕೇಳುತ್ತದೆ. ಶಿರಸಿಯಿಂದ ಬಂದ ಭಾವ ನೋಡಿದವರೇ “ಇದು ಹಿಪ್ಪಲಿ ಬುಡಕ್ಕೆ ಮೆಣಸಿನ ಕಸಿ ಕಟ್ಟಿದಾಂಗೇ ಆತಲೋ” ಅಂದರು. ಬುಡ ಹಳೆಯದು, ಕುಡಿ ಹೊಸದು. ಕಸಿ ಕಾರ್ಡ್! ತೆರೆಗೆ ಚಿತ್ರ ಹೋಗುವುದು ಈಗಲೂ ಎಕ್ಸ್‌ಟಿಯ ಎಂಟು ಬಿಟ್ಟಿನ (ಒಮ್ಮೆಗೆ ಎಂಟೇ ಬಿಟ್ ಸಾಗಿಸುವ) ಹಳೆ ದಾರಿಯಲ್ಲೇ ಆದ್ದರಿಂದ, ಬೇರಿನ ಮಿತಿ ಕುಡಿಗೂ ತಟ್ಟುತ್ತದೆ ಎನ್ನುವವರೆಗೆ ಹೋಲಿಕೆ ಸರಿಹೋಗುತ್ತದೆ.

ಕಷ್ಟವಾದದ್ದು ಎರಡನೆಯದು. ನಾನು ಹಾಕಿರುವುದು 1985ರ ವಿಂಡೋಸ್ 1. ಅದರಲ್ಲಿ ತಂತ್ರಾಂಶಗಳ ಕಿಟಕಿಗಳು ಒಂದರ ಮೇಲೊಂದು ಬರುವುದಿಲ್ಲ. ನೋಟ್‌ಪ್ಯಾಡಿನ ಪಕ್ಕಕ್ಕೆ ಗಡಿಯಾರ ತಂದಿಟ್ಟರೆ ನೋಟ್‌ಪ್ಯಾಡು ತಾನಾಗಿ ಕುಗ್ಗಿ ಜಾಗ ಬಿಡುತ್ತದೆ. ಇಂಗ್ಲಿಷಿನವರು ಇದನ್ನು ‘ಟೈಲ್ಡ್’ ಎನ್ನುತ್ತಾರೆ. ನಾನೂ ಹಿಂದೆಮುಂದೆ ನೋಡದೆ ‘ಹೆಂಚಿನ ಜೋಡಣೆ’ ಎಂದು ಬರೆದೆ. ಬರೆದ ಮೇಲೆ ತಲೆಯೆತ್ತಿ ಮಾಡು ನೋಡಿದೆ.

ನಾಡಹೆಂಚಾಗಲಿ, ಮಂಗಳೂರು ಹೆಂಚಾಗಲಿ, ಒಂದರ ತುದಿ ಇನ್ನೊಂದರ ಮೇಲೆ ಕೂರದಿದ್ದರೆ ಆಷಾಢದಲ್ಲಿ ಮನೆಯೊಳಗೇ ಕೊಡೆ ಬಿಚ್ಚಬೇಕು! ನಮ್ಮ ಕರಾವಳಿಯ ಮಗುವಿಗೆ ಹೆಂಚು ಎಂದರೆ ಒಂದರ ಮೇಲೊಂದು ಹೊದ್ದದ್ದು. ಅಂದರೆ ಅರ್ಥ ಪೂರಾ ತಿರುಗುಮುರುಗು. ಹಾಗೆ ನೋಡಿದರೆ ಹೆಂಚು ಒಪ್ಪುವುದು 1987ರ ವಿಂಡೋಸ್ 2ಕ್ಕೆ. ಕಿಟಕಿಗಳು ಒಂದನ್ನೊಂದು ಮುಚ್ಚತೊಡಗಿದ್ದು ಅಲ್ಲಿ. ನೆಲಕ್ಕೆ ಹಾಸುವುದನ್ನು ನಾವು ‘ಟೈಲ್ಸ್’ ಎನ್ನುತ್ತೇವೆಯೇ ಹೊರತು ಹೆಂಚು ಎನ್ನುವುದಿಲ್ಲ.

ನನಗೆ ಹೊಳೆದ ಹೋಲಿಕೆ ಗದ್ದೆಯದು. ಹಾಳಿ (ಬಯಲುಸೀಮೆಯವರ ಬದು) ಆಚೆ ಸರಿದಷ್ಟೂ ನಮ್ಮ ಗದ್ದೆ ದೊಡ್ಡದು, ಪಕ್ಕದವನದು ಚಿಕ್ಕದು. ವಿಂಡೋಸ್ 1ರ ನಡವಳಿಕೆ ಥೇಟ್ ಇದೇ, ಜಗಳ ಒಂದಿಲ್ಲ ಅಷ್ಟೆ. ‘ಒತ್ತಿನ ಗದ್ದೆ’ ಎನ್ನುವಂತೆ ‘ಒತ್ತಿನ ಕಿಟಕಿ’ ಎನ್ನಬಹುದೇ? ಮಗಳ ತಕರಾರು: “ಒತ್ತು ಅಂದ್ರೆ ಕ್ಲಿಕ್ ಮಾಡು ಅಂತ ತಿಳೀತಾರೆ ಅಪ್ಪ.” ಅವಳು ಹೇಳುವುದೂ ಸುಳ್ಳಲ್ಲ. ‘ಹಾಳಿ ಕಿಟಕಿ’ ಎಂದರೆ ಘಟ್ಟದ ಮೇಲಿನವರು ಕಾಗದದ ಹಾಳೆ ಎಂದುಕೊಂಡಾರು.

ಅಂಕೋಲೆ, ಕಾರವಾರದ ಕಡೆ ಮೈಗೆ ಮೈ ತಾಗಿಸಿ, ಆದರೆ ಮೇಲೇರದಂತೆ ಹಾಸುವ ಕೆಲಸಕ್ಕೆ ಬೇರೆ ಮಾತಿದೆಯೇ? ಅಂಗಳಕ್ಕೆ ಚಿರೆಕಲ್ಲು ಹಾಸುವವರು ಏನನ್ನುತ್ತಾರೆ?